ಹೊಸ ಡೆಸ್ಕ್‌ಟಾಪ್‌ನ ಕ್ಯಾಬಿನೆಟ್ ಬಿಚ್ಚುವ ಮುನ್ನ

ಹೊಸದಾಗಿ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಇನ್ನಷ್ಟು ರ್‍ಯಾಮ್ (ನಡೆಯುತ್ತಿರುವ ಕೆಲಸವನ್ನು ಹಿಡಿದಿಡುವ ಮೆಮೊರಿ) ಸೇರಿಸಬೇಕೆ, ಸೇರಿಸುವುದಾದರೆ ಅಂಗಡಿಯವರ ಕೈಗೆ ಕೊಡಬೇಕೆ ಅಥವಾ ನಾವೇ ಕ್ಯಾಬಿನೆಟ್ ಬಿಚ್ಚಬೇಕೆ ಎಂಬುದನ್ನು ಹೆಚ್ಚಿನವರು ಧೈರ್ಯದ ಪ್ರಶ್ನೆಯೆಂದು ತಿಳಿಯುತ್ತಾರೆ. ಕೆಲವು ವಾರಗಳಿಂದ ಇದನ್ನೇ ಯೋಚಿಸುತ್ತಿರುವ ನನಗೆ ಹಾಗೆ ಅನ್ನಿಸಿಲ್ಲ. ಸ್ಕ್ರೂ ಬಿಚ್ಚುವುದು ಇದರಲ್ಲಿ ಬಹಳ ಚಿಕ್ಕ ಕೆಲಸ. ನಮ್ಮ ಕೆಲಸ ಯಂತ್ರದ ಯಾವ ಭಾಗಕ್ಕಾಗಿ ಕಾಯುತ್ತಿದೆ, ಆ ಭಾಗವನ್ನು ಹೆಚ್ಚಿಸಲು ತಯಾರಿಸಿದವರು ಜಾಗ ಬಿಟ್ಟಿದ್ದಾರೆಯೆ ಎಂಬುದನ್ನು ಕಂಡುಕೊಳ್ಳುವುದಕ್ಕೇ ನನ್ನ ಸಮಯವೆಲ್ಲ ಹೋಗಿದೆ, ಮತ್ತು ಆ ಸಮಯ ವ್ಯರ್ಥವಾಯಿತೆಂದು ನನಗೆ ತೋರಿಲ್ಲ.

ಮೈಸೂರಿನ ಸರಸ್ವತಿಪುರದ ನಮ್ಮ ಮನೆಗೆ ಬಂದಿರುವುದು ಒಂದು ಹೆಸರಾಂತ ಕಂಪನಿಯ ಸಿದ್ಧ ಡೆಸ್ಕ್‌ಟಾಪ್. ಇಂಟೆಲ್ ಕೋರ್ ಐ5-14400 ಪ್ರೊಸೆಸರ್, 8 ಜಿಬಿಯ ಡಿಡಿಆರ್5 ಎಂಬ ಹೊಸ ಬಗೆಯ ಒಂದೇ ರ್‍ಯಾಮ್, ಕಡತಗಳನ್ನು ಉಳಿಸಿಡುವ 512 ಜಿಬಿಯ ಎಸ್‌ಎಸ್‌ಡಿ, 180 ವಾಟ್‌ನ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬಿ) ಇದರಲ್ಲಿವೆ; ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕಾಲೇಜು ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಕೈಗೆತ್ತಿಕೊಂಡಿರುವುದು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಪುಟಗಳನ್ನು ಶುದ್ಧಗೊಳಿಸಿ, ಅಕ್ಷರ ಗುರುತಿಸುವ ತಂತ್ರಾಂಶದ ಮೂಲಕ ಪಠ್ಯವಾಗಿಸಿ ಇಡುವ ಕೆಲಸ. ಲೇಖಕರು ತೀರಿಕೊಂಡು 60 ವರ್ಷ ಕಳೆದು, ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಅವುಗಳಲ್ಲಿ ಬಹುಪಾಲಿನ ಕಾಗದ ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿದೆ. ಒಂದು ಪುಟವನ್ನು ಎರಡನೆಯ ಸಲ ಸ್ಕ್ಯಾನರಿನ ಮೇಲೆ ಒತ್ತುವ ಅವಕಾಶ ಎಲ್ಲ ಪುಸ್ತಕಗಳೂ ಕೊಡುವುದಿಲ್ಲವಾದ್ದರಿಂದ ಮೊದಲ ಸಲವೇ ಚೆನ್ನಾಗಿ ಬರಬೇಕು, ಬಂದದ್ದು ಕೆಡದೆ ಉಳಿಯಬೇಕು. ಕಂಪ್ಯೂಟರಿನ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಇದೇ.

ಮೊದಲು ಲೆಕ್ಕವನ್ನು ನೋಡಬೇಕು. ಡೆಮಿ 1/8 ಆಕಾರದ ಪುಸ್ತಕವನ್ನು ತೆರೆದಿಟ್ಟರೆ ಎರಡು ಪುಟ ಸೇರಿ ಸುಮಾರು ಒಂದು ಎ4 ಹಾಳೆಯಷ್ಟು ಅಗಲವಾಗುತ್ತದೆ. ಮೊಳೆಯಚ್ಚಿನ ಕಾಲದ ಪುಸ್ತಕಗಳಲ್ಲಿ ಒತ್ತಕ್ಷರಗಳೂ ಅರ್ಕಾವೊತ್ತೂ ಬಹಳ ಸಣ್ಣವು, ಎಷ್ಟೋ ಕಡೆ ಸವೆದ ಮೊಳೆಯಿಂದಾಗಿ ಅರ್ಧ ಮಾತ್ರ ಮೂಡಿದವು. ಅಂಗುಲಕ್ಕೆ 300 ಚುಕ್ಕಿಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿದರೆ ಇಂಥ ಒತ್ತುಗಳು ಮಸಿಯ ಕಲೆಯಂತೆ ಕೂಡಿಕೊಂಡುಬಿಡುತ್ತವೆ. 600ಕ್ಕೆ ಏರಿಸಿದರೆ ಬಿಡಿಯಾಗಿ ಕಾಣುತ್ತವೆ. ಎ4 ಅಳತೆಯನ್ನು 600ರಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದಾಗ ಸುಮಾರು ಮೂರೂವರೆ ಕೋಟಿ ಪಿಕ್ಸೆಲ್‌ಗಳಾಗುತ್ತವೆ, ಪ್ರತಿ ಪಿಕ್ಸೆಲ್‌ಗೆ ಮೂರು ಬೈಟ್‌ನಂತೆ ಒಂದು ಚಿತ್ರ 100 ಎಂಬಿಯನ್ನು ಮುಟ್ಟುತ್ತದೆ. 300 ಪುಟದ ಪುಸ್ತಕವೆಂದರೆ 150 ಚಿತ್ರ, ಅಂದರೆ ಕುಗ್ಗಿಸದ ರೂಪದಲ್ಲಿ 15 ಜಿಬಿ. ಪುಟಗಳ ಓರೆ ತಿದ್ದಿ, ಅಂಚು ಕತ್ತರಿಸಿ, ಹಿನ್ನೆಲೆಯ ಹಳದಿಯನ್ನು ತೆಗೆಯುವಾಗ ತಂತ್ರಾಂಶವು ಪ್ರತಿ ಚಿತ್ರದ ಹಲವು ನಕಲುಗಳನ್ನು ಏಕಕಾಲಕ್ಕೆ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ, ನಾವು ಮಾಡಿದ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳಲು ಬೇಕಾದ ಹಳೆಯ ರೂಪಗಳನ್ನೂ ಅಲ್ಲೇ ಇಟ್ಟುಕೊಳ್ಳುತ್ತದೆ.

ಈ ಲೆಕ್ಕವನ್ನು ನೋಡಿದ ಕೂಡಲೇ ರ್‍ಯಾಮ್ ಸಾಲದು ಎಂದು ಹೇಳಿಬಿಡಬಹುದು. ಆದರೂ ಹಣ ಖರ್ಚು ಮಾಡುವ ಮೊದಲು ಅಳೆದು ನೋಡುವುದು ಒಳ್ಳೆಯದೆಂದು ನನಗನ್ನಿಸಿತು. ಇದಕ್ಕೆ ವಿಶೇಷ ಸಲಕರಣೆ ಬೇಕಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಎಂಬ ವಿಭಾಗಕ್ಕೆ ಹೋದರೆ ಪ್ರೊಸೆಸರ್, ಮೆಮೊರಿ, ಡಿಸ್ಕ್ ಮೂರೂ ಎಷ್ಟೆಷ್ಟು ದುಡಿಯುತ್ತಿವೆ ಎಂಬುದು ಕಾಣುತ್ತದೆ. ನಿತ್ಯದ ಕೆಲಸವನ್ನು ಎಂದಿನಂತೆ ಮಾಡುತ್ತ ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೆ. ಏನೂ ತೆರೆಯದಿದ್ದಾಗಲೇ ವಿಂಡೋಸ್ 11 ಅರ್ಧದ ಹತ್ತಿರ ಮೆಮೊರಿಯನ್ನು ಹಿಡಿದಿರುತ್ತದೆ. ಪುಟಗಳನ್ನು ಶುದ್ಧಗೊಳಿಸಲು ತೊಡಗಿದಾಗ ಮೆಮೊರಿಯ ಗೆರೆ ಮೇಲಕ್ಕೇರಿ ಅಲ್ಲೇ ನಿಲ್ಲುತ್ತಿತ್ತು, ಡಿಸ್ಕಿನ ಗೆರೆ ಏರಿಳಿಯುತ್ತಿತ್ತು, ಪ್ರೊಸೆಸರ್ ಮಾತ್ರ ಹೆಚ್ಚಿನ ವೇಳೆ ಬಿಡುವಾಗಿತ್ತು. ರ್‍ಯಾಮ್ ತುಂಬಿದ ಮೇಲೆ ವಿಂಡೋಸ್ ಉಳಿದದ್ದನ್ನು ಎಸ್‌ಎಸ್‌ಡಿಯ ಮೇಲಿನ ಪೇಜ್ ಫೈಲ್‌ಗೆ ಸಾಗಿಸುತ್ತದೆ, ಬೇಕಾದಾಗ ಮರಳಿ ತರುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾಗಿದ್ದರೂ ರ್‍ಯಾಮ್‌ಗೆ ಸಮನಲ್ಲ. ನಾನು ಕಾಯುತ್ತಿದ್ದದ್ದು ಈ ಸಾಗಾಟಕ್ಕಾಗಿ.

ಇದೇ ಅಳತೆಯಿಂದ ತಿಳಿದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಇಡೀ ಕೆಲಸದಲ್ಲಿ ನಾನು ಕಾಯುವ ಹೊತ್ತಿನ ದೊಡ್ಡ ಪಾಲು ಸ್ಕ್ಯಾನರಿನ ದೀಪ ಗಾಜಿನ ಕೆಳಗೆ ನಿಧಾನವಾಗಿ ಸರಿದು ಹಿಂದಿರುಗುವುದಕ್ಕೆ ಹೋಗುತ್ತದೆ. ಆ ಹೊತ್ತನ್ನು ಯಾವ ರ್‍ಯಾಮೂ ಕಡಿಮೆ ಮಾಡಲಾರದು. ಕಂಪ್ಯೂಟರ್ ನಿಧಾನವೆಂದು ದೂರುವ ಎಷ್ಟೋ ಮನೆಗಳಲ್ಲಿ ನಿಜವಾದ ಕಾರಣ ಇಂಟರ್ನೆಟ್ ಸಂಪರ್ಕವೋ ಹಳೆಯ ಪ್ರಿಂಟರೋ ಆಗಿರುತ್ತದೆ. ಅಳೆಯದೆ ಕೊಂಡರೆ ಹಣ ಹೋಗುತ್ತದೆ, ಕಾಯುವುದು ತಪ್ಪುವುದಿಲ್ಲ.

ಹೊಸ ಯಂತ್ರವನ್ನು ಕಂಪನಿಯವರು 8 ಜಿಬಿಯ ಒಂದೇ ರ್‍ಯಾಮ್ ಹಾಕಿ ಮಾರುವುದಕ್ಕೆ ಮುಖ್ಯ ಕಾರಣ ಬೆಲೆಯ ಪಟ್ಟಿ. ಎರಡು ಸ್ಲಾಟ್‌ಗಳಲ್ಲಿ ಒಂದನ್ನು ಖಾಲಿ ಬಿಟ್ಟರೆ ಬೆಲೆ ಕೆಳಗಿಳಿಯುತ್ತದೆ, ಕೊಂಡವರಿಗೆ ಮುಂದೆ ಸೇರಿಸಿಕೊಳ್ಳುವ ದಾರಿಯೂ ಉಳಿಯುತ್ತದೆ. ಒಂದೇ ರ್‍ಯಾಮ್ ಇರುವುದರಿಂದ ಜಾಗದ ಕೊರತೆಯ ಜೊತೆಗೆ ಇನ್ನೊಂದು ನಷ್ಟವೂ ಇದೆ. ಪ್ರೊಸೆಸರಿನಿಂದ ಮೆಮೊರಿಗೆ ಎರಡು ಚಾನೆಲ್‌ಗಳಿರುತ್ತವೆ. ಎರಡೂ ಸ್ಲಾಟ್‌ಗಳಲ್ಲಿ ರ್‍ಯಾಮ್ ಇದ್ದಾಗ ಮಾತ್ರ ಎರಡೂ ಬಳಕೆಯಾಗುತ್ತವೆ, ಒಂದೇ ಇದ್ದರೆ ಸಾಗಣೆಯ ಸಾಮರ್ಥ್ಯ ಅರ್ಧಕ್ಕೆ ನಿಲ್ಲುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಇದು ಇನ್ನಷ್ಟು ತಟ್ಟುತ್ತದೆ, ಏಕೆಂದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗಕ್ಕೆ ತನ್ನದೆಂಬ ಮೆಮೊರಿ ಇರುವುದಿಲ್ಲ. ಅದೂ ಇದೇ 8 ಜಿಬಿಯಲ್ಲಿ ಪಾಲು ಕೇಳುತ್ತದೆ, ಇದೇ ಒಂದು ಚಾನೆಲ್‌ನಲ್ಲಿ ಓಡಾಡುತ್ತದೆ.

ಯಾವ ರ್‍ಯಾಮ್ ಕೊಳ್ಳಬೇಕೆಂಬುದನ್ನು ಪ್ರೊಸೆಸರಿನ ಹೆಸರಿನಿಂದ ತೀರ್ಮಾನಿಸಲು ಆಗುವುದಿಲ್ಲ. ಐ5-14400 ಡಿಡಿಆರ್4, ಡಿಡಿಆರ್5 ಎರಡನ್ನೂ ಒಪ್ಪುತ್ತದೆ, ಆದರೆ ಅದನ್ನು ಕೂರಿಸಿದ ಮದರ್‌ಬೋರ್ಡ್ ಎಂಬ ಮುಖ್ಯ ಹಲಗೆ ಸಾಮಾನ್ಯವಾಗಿ ಒಂದನ್ನೇ ಒಪ್ಪುತ್ತದೆ. ಡಿಡಿಆರ್4 ಮಾರುಕಟ್ಟೆಗೆ ಬಂದದ್ದು 2014ರಲ್ಲಿ, ಡಿಡಿಆರ್5ರ ಮಾನದಂಡ ಪ್ರಕಟವಾದದ್ದು 2020ರ ಜುಲೈನಲ್ಲಿ. ಡೆಸ್ಕ್‌ಟಾಪ್ ರ್‍ಯಾಮ್‌ನಲ್ಲಿ ಎರಡಕ್ಕೂ 288 ಪಿನ್‌ಗಳೇ ಇವೆ, ಉದ್ದವೂ ಒಂದೇ. ಕೆಳ ಅಂಚಿನ ಕಚ್ಚು ಮಾತ್ರ ಬೇರೆ ಜಾಗದಲ್ಲಿದೆ, ಆದ್ದರಿಂದ ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಕೂರದಿದ್ದುದನ್ನು ಒತ್ತಿದರೆ ಸ್ಲಾಟ್ ಮುರಿಯುತ್ತದೆ. ಇದರ ಮೇಲೆ ಚಿಕ್ಕ ಗಾತ್ರದ ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಲ್ಯಾಪ್‌ಟಾಪಿನ ಗಿಡ್ಡ ರ್‍ಯಾಮ್ ಬಳಸಿರುತ್ತಾರೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲೇ ಎಷ್ಟು ಸ್ಲಾಟ್ ಬಳಕೆಯಲ್ಲಿವೆ, ರ್‍ಯಾಮ್ ಯಾವ ಗಾತ್ರದ್ದು, ಯಾವ ವೇಗದಲ್ಲಿ ಓಡುತ್ತಿದೆ ಎಂಬುದು ಬರೆದಿರುತ್ತದೆ. ಉಳಿದದ್ದಕ್ಕೆ ಕಂಪನಿಯ ಸರ್ವೀಸ್ ಮ್ಯಾನ್ಯುಯಲ್ ಇದೆ. ಹಲವು ದೊಡ್ಡ ಕಂಪನಿಗಳು ತಮ್ಮ ಮಾದರಿಗಳಿಗೆ ಇಂಥ ಕೈಪಿಡಿಯನ್ನು ಬರೆದು ತಮ್ಮ ಜಾಲತಾಣದಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟಿವೆ. ಯಾವ ಸ್ಕ್ರೂವನ್ನು ಮೊದಲು ತೆಗೆಯಬೇಕು, ಮುಚ್ಚಳವನ್ನು ಯಾವ ಕಡೆಗೆ ಸರಿಸಬೇಕು ಎಂಬುದರಿಂದ ಹಿಡಿದು ಎಲ್ಲವೂ ಚಿತ್ರಸಹಿತ ಅದರಲ್ಲಿರುತ್ತದೆ. ಕೈಪಿಡಿಯನ್ನು ಓದಿದಷ್ಟೂ ಭಯ ಕಡಿಮೆಯಾಯಿತು. ಗ್ರಂಥಾಲಯದಲ್ಲಿ ಬದುಕು ಕಳೆದವಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ವೇಗದ ವಿಷಯದಲ್ಲಿಯೂ ಓದಿದ್ದು ಹಣ ಉಳಿಸಿತು. ಇಂಟೆಲ್ ಈ ಪ್ರೊಸೆಸರಿಗೆ ಹೇಳಿರುವ ಡಿಡಿಆರ್5 ವೇಗ 4800. ಅಂಗಡಿಯಲ್ಲಿ 5600 ಎಂದು ಬರೆದ ರ್‍ಯಾಮ್ ಸಿಕ್ಕರೂ ಈ ಯಂತ್ರದಲ್ಲಿ ಅದು 4800ಕ್ಕೇ ಇಳಿದು ಓಡುತ್ತದೆ. ಅದರಿಂದ ತೊಂದರೆಯೇನಿಲ್ಲ, ಆದರೆ ಆ ದೊಡ್ಡ ಸಂಖ್ಯೆಗಾಗಿ ಹೆಚ್ಚು ಬೆಲೆ ಕೊಡುವ ಅಗತ್ಯವಿಲ್ಲ.

ಬೆಲೆಯ ಮಾತು ಬಂದಿರುವುದರಿಂದ ಹೇಳುತ್ತೇನೆ: ಇದು ರ್‍ಯಾಮ್ ಕೊಳ್ಳಲು ಒಳ್ಳೆಯ ಕಾಲವಲ್ಲ. ಜಗತ್ತಿನ ಬಹುಪಾಲು ರ್‍ಯಾಮ್ ಚಿಪ್‌ಗಳನ್ನು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಯ ಕಡೆಗೆ ಈ ಕಂಪನಿಗಳು ತಮ್ಮ ಉತ್ಪಾದನೆಯನ್ನು ತಿರುಗಿಸಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಮನೆಬಳಕೆಯ ರ್‍ಯಾಮ್‌ನ ಬೆಲೆ ಕಡಿದಾಗಿ ಏರಿತು. ಆ ವರ್ಷದ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಎಂಬ ಗ್ರಾಹಕ ಬ್ರ್ಯಾಂಡಿನ ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಸ್ವಂತ ಕೈಯಿಂದ ಕಂಪ್ಯೂಟರ್ ಸುಧಾರಿಸಿಕೊಳ್ಳುವ ಜನ ಬಹಳ ವರ್ಷಗಳಿಂದ ನಂಬಿಕೊಂಡು ಬಂದಿದ್ದ ಹೆಸರು ಅದು. ಕೊಳ್ಳುವಾಗ 8 ಜಿಬಿ ಸಾಕು, ಬೇಕಾದಾಗ ಅಗ್ಗಕ್ಕೆ ಸೇರಿಸಿಕೊಂಡರಾಯಿತು ಎಂಬ ಹಳೆಯ ಲೆಕ್ಕ ಈಗ ಹಾಗೇ ನಡೆಯುವುದಿಲ್ಲ. ಈಗ ಹೊಸ ಯಂತ್ರ ಕೊಳ್ಳುವವರು 16 ಜಿಬಿಯ ಮಾದರಿಗೂ 8 ಜಿಬಿಯ ಮಾದರಿಗೂ ಇರುವ ವ್ಯತ್ಯಾಸವನ್ನು ಬಿಡಿ ರ್‍ಯಾಮ್‌ನ ಇಂದಿನ ಬೆಲೆಯ ಜೊತೆ ಇಟ್ಟು ನೋಡಲೇಬೇಕು. ಕಂಪನಿಯೇ ಹಾಕಿಕೊಡುವುದು ಅಗ್ಗವಾಗಿ ಬೀಳುವ ಸಾಧ್ಯತೆ ಇದೆ.

ನನ್ನ ಮುಂದಿದ್ದ ಆಯ್ಕೆಗಳು ಹೀಗಿದ್ದವು. ಈಗಿನದಕ್ಕೆ ಸರಿಜೋಡಿಯಾದ ಇನ್ನೊಂದು 8 ಜಿಬಿ ಹಾಕಿ 16 ಮಾಡಿಕೊಳ್ಳುವುದು; ಖಾಲಿ ಸ್ಲಾಟಿಗೆ 16 ಜಿಬಿ ಹಾಕಿ 24 ಮಾಡಿಕೊಳ್ಳುವುದು; ಈಗಿನದನ್ನು ತೆಗೆದಿಟ್ಟು 16ರ ಜೋಡಿ ಹಾಕಿ 32 ಮಾಡಿಕೊಳ್ಳುವುದು. ಮೂರನೆಯದಕ್ಕೆ ಈ ಬೆಲೆಯಲ್ಲಿ ಮನಸ್ಸು ಒಪ್ಪಲಿಲ್ಲ. ಎರಡನೆಯದರಲ್ಲಿ ಎರಡು ಅಳತೆಗಳು ಬೇರೆಯಾದರೂ ಇಂಟೆಲ್ ಯಂತ್ರಗಳಲ್ಲಿ ಮೊದಲ 16 ಜಿಬಿ ಎರಡೂ ಚಾನೆಲ್‌ಗಳಲ್ಲಿ ಹಂಚಿಕೊಂಡು ಓಡುತ್ತದೆ, ಉಳಿದ 8 ಜಿಬಿ ಮಾತ್ರ ಒಂದೇ ಚಾನೆಲ್‌ನಲ್ಲಿ ಉಳಿಯುತ್ತದೆ. ನನ್ನ ಕೆಲಸಕ್ಕೆ ವೇಗಕ್ಕಿಂತ ಜಾಗ ಮುಖ್ಯವಾದ್ದರಿಂದ ಇದನ್ನೇ ಆರಿಸಿಕೊಂಡೆ. ಬೇರೆ ಬೇರೆ ತಯಾರಿಕೆಯ ಡಿಡಿಆರ್5 ರ್‍ಯಾಮ್‌ಗಳು ಕೆಲವೊಮ್ಮೆ ಒಂದಕ್ಕೊಂದು ಹೊಂದುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಡಿಮೆಗೆ ಸಿಗುತ್ತದೆಂದು ಹಲವರು ಹೇಳಿದರೂ ನಾನು ಮೈಸೂರಿನಲ್ಲೇ ಕೊಳ್ಳಲು ನಿಶ್ಚಯಿಸಿದ್ದು ಇದಕ್ಕಾಗಿಯೇ: ಹೊಂದದಿದ್ದರೆ ಮರುದಿನವೇ ನಡೆದುಹೋಗಿ ಬದಲಿಸಿಕೊಂಡು ಬರುವಷ್ಟು ಹತ್ತಿರದ ಅಂಗಡಿಯಾಗಿರಬೇಕು, ಹಾಗೆ ಬದಲಿಸಿಕೊಡುವ ಮಾತು ಜಿಎಸ್‌ಟಿ ಬಿಲ್ಲಿನ ಮೇಲೆ ಬರಹದಲ್ಲಿರಬೇಕು.

ಅಂಗಡಿಯವರು ಒಳ್ಳೆಯವರು. ನಾನು ರ್‍ಯಾಮ್ ಮಾತ್ರ ಕೊಡಿ, ನಾನೇ ಹಾಕಿಕೊಳ್ಳುತ್ತೇನೆ ಎಂದಾಗ ಅವರ ಮುಖದಲ್ಲಿ ನಿಜವಾದ ಕಾಳಜಿ ಕಂಡಿತು. “ಮೇಡಂ, ನಿಮಗ್ಯಾಕೆ ತೊಂದ್ರೆ, ಹುಡುಗನ್ನ ಕಳಿಸ್ತೀನಿ. ನೀವು ಬಿಚ್ಚಿದ್ರೆ ವಾರಂಟಿ ಹೋಗುತ್ತೆ” ಎಂದರು. ಈ ಮಾತನ್ನು ನಾನು ಎಷ್ಟು ಜನರಿಂದ ಕೇಳಿದ್ದೇನೆಂದರೆ, ಇದು ನಿಜವೇ ಎಂದು ನೋಡಲು ವಾರಂಟಿಯ ಷರತ್ತುಗಳನ್ನು ಪೂರ್ತಿಯಾಗಿ ಓದಬೇಕಾಯಿತು. ನನ್ನ ಯಂತ್ರದ ಷರತ್ತುಗಳಲ್ಲಿ ಗ್ರಾಹಕರು ರ್‍ಯಾಮ್ ಸೇರಿಸಬಾರದೆಂದು ಎಲ್ಲಿಯೂ ಇಲ್ಲ. ಬದಲಾಗಿ ಕೈಪಿಡಿಯು ರ್‍ಯಾಮನ್ನು ಗ್ರಾಹಕರೇ ಬದಲಿಸಬಹುದಾದ ಭಾಗಗಳ ಪಟ್ಟಿಯಲ್ಲಿ ಇಟ್ಟಿದೆ. ಷರತ್ತು ಹೇಳುವುದು ಇಷ್ಟು: ಹಾಗೆ ಸೇರಿಸುವಾಗ ನಮ್ಮಿಂದ ಏನಾದರೂ ಹಾಳಾದರೆ ಅದು ಅವರ ಹೊಣೆಯಲ್ಲ, ಹೊರಗಿನಿಂದ ಕೊಂಡು ಹಾಕಿದ ಭಾಗಕ್ಕೂ ಅವರು ಹೊಣೆಯಲ್ಲ. ಇದು ನ್ಯಾಯವಾದ ಮಾತು. ಎಲ್ಲ ಕಂಪನಿಗಳೂ ಎಲ್ಲ ಮಾದರಿಗಳಿಗೂ ಹೀಗೇ ಬರೆದಿರಬೇಕೆಂದಿಲ್ಲ, ಅಂಗಡಿಯಲ್ಲಿ ಜೋಡಿಸಿಕೊಟ್ಟ ಯಂತ್ರದಲ್ಲಿ ಸ್ಕ್ರೂವಿನ ಮೇಲೆ ಅಂಗಡಿಯ ಸೀಲ್ ಅಂಟಿಸಿರುವುದೂ ಉಂಟು. ಆದ್ದರಿಂದ ಅವರವರ ಕಾಗದವನ್ನು ಅವರವರೇ ಓದಬೇಕು. ನಮ್ಮ ದೇಶದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ 2022ರ ಜುಲೈನಲ್ಲಿ ಸಮಿತಿ ರಚಿಸಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದಕ್ಕಾಗಿ ಜಾಲತಾಣವನ್ನೂ ತೆರೆಯಿತು. ಕೊಂಡವರಿಗೆ ತಮ್ಮ ವಸ್ತುವನ್ನು ಬಿಚ್ಚಿ ನೋಡುವ, ತಿಳಿಯುವ ಹಕ್ಕಿದೆ ಎಂಬ ಮಾತು ಸರ್ಕಾರದ ಮಟ್ಟದಲ್ಲಿ ಕೇಳಿಬರುತ್ತಿರುವುದು ನನಗೆ ಬಹಳ ಸಮಾಧಾನ ತಂದಿದೆ.

ವಾರಂಟಿಗಿಂತ ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ಮನೆಯ ವೈರಿಂಗ್. ಸರಸ್ವತಿಪುರ, ಲಕ್ಷ್ಮೀಪುರ, ಚಾಮರಾಜಪುರದಂಥ ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಕೆಲವು ಮನೆಗಳ ವೈರಿಂಗ್ ಈ ಬಗೆಯ ಯಂತ್ರಗಳು ಬರುವ ಎಷ್ಟೋ ಮೊದಲು ಮಾಡಿದ್ದು. ಗೋಡೆಯ ಮೇಲೆ ಮೂರು ತೂತಿನ ಸಾಕೆಟ್ ಕಾಣಿಸಿದರೂ ಮೂರನೆಯ ತೂತಿನ ಹಿಂದೆ ಅರ್ಥಿಂಗ್ ತಂತಿ ಇದೆಯೆಂದು ಹೇಳಲಾಗುವುದಿಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನಲ್ಲಿ ಬೆರೆತ ಅನಗತ್ಯ ಏರಿಳಿತಗಳನ್ನು ಸೋಸುವುದಕ್ಕೆಂದು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಮೈಗೆ ಸಣ್ಣ ಕೆಪಾಸಿಟರ್‌ಗಳನ್ನು ಜೋಡಿಸಿರುತ್ತಾರೆ. ಅರ್ಥಿಂಗ್ ಸರಿಯಾಗಿದ್ದರೆ ಅವುಗಳಿಂದ ಸೋರುವ ಅತ್ಯಲ್ಪ ವಿದ್ಯುತ್ತು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲವಾದರೆ ಕ್ಯಾಬಿನೆಟ್ಟಿನ ಮೈ 230 ವೋಲ್ಟ್‌ನ ಸುಮಾರು ಅರ್ಧದಷ್ಟು ಒತ್ತಡದಲ್ಲಿ ತೇಲುತ್ತಿರುತ್ತದೆ. ಬರಿಗಾಲಿನಲ್ಲಿ ನಿಂತು ಮುಟ್ಟಿದರೆ ಬೆರಳು ಜುಮ್ಮೆನ್ನುವುದು ಇದರಿಂದಲೇ. ಹರಿಯುವ ವಿದ್ಯುತ್ತು ತೀರ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ಮನುಷ್ಯರಿಗೆ ಅಪಾಯವಾಗದಿದ್ದರೂ, ಅದೇ ಸ್ಥಿತಿಯಲ್ಲಿ ಸ್ಕ್ಯಾನರ್ ಅಥವಾ ಮಾನಿಟರ್‌ನ ಕೇಬಲ್ ಚುಚ್ಚುವಾಗ ಯಂತ್ರದ ಪೋರ್ಟ್‌ಗಳಿಗೆ ಪೆಟ್ಟಾಗಬಹುದು.

ಆದ್ದರಿಂದ ರ್‍ಯಾಮ್ ಕೊಳ್ಳುವುದಕ್ಕಿಂತ ಮೊದಲು ಎಲೆಕ್ಟ್ರಿಷಿಯನ್‌ರನ್ನು ಕರೆಸಿದೆ. ಅವರು ಮೀಟರ್ ಹಿಡಿದು ಫೇಸಿಗೂ ನ್ಯೂಟ್ರಲ್‌ಗೂ, ಫೇಸಿಗೂ ಅರ್ಥ್‌ಗೂ, ಕೊನೆಗೆ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವಿನ ವೋಲ್ಟೇಜ್ ಅಳೆದರು. ಮೊದಲೆರಡು ಹೆಚ್ಚುಕಡಿಮೆ ಒಂದೇ ಆಗಿದ್ದು, ಮೂರನೆಯದು ಕೆಲವೇ ವೋಲ್ಟ್ ಇದ್ದರೆ ಚಿಂತೆಯಿಲ್ಲ. ನಮ್ಮ ಮನೆಯಲ್ಲಿ ಅರ್ಥ್ ತಂತಿ ಇತ್ತು, ಆದರೆ ಹಿತ್ತಿಲಿನ ಉಪ್ಪು–ಇದ್ದಿಲಿನ ಗುಂಡಿ ಒಣಗಿತ್ತು. ಗುಂಡಿಯನ್ನು ಸರಿಪಡಿಸಿ, ಬೇಸಗೆಯಲ್ಲಿ ಆಗಾಗ ನೀರು ಹಾಕಲು ಹೇಳಿದರು. ಯಂತ್ರವನ್ನು ಸುಧಾರಿಸಬೇಕೆಂದು ಹೊರಟವರು ಮೊದಲು ಖರ್ಚು ಮಾಡಬೇಕಾದದ್ದು ಇಲ್ಲಿ ಎಂದು ನಾನು ಬಲವಾಗಿ ನಂಬುತ್ತೇನೆ. ಅಶ್ವಿನಿ, ಭರಣಿ ಮಳೆಗಳ ಗುಡುಗಿನ ಸಂಜೆಗಳಲ್ಲಿ ಕರೆಂಟ್ ಹೋಗಿ ಬರುವ ಊರು ನಮ್ಮದು. ಬರೆಯುತ್ತಿರುವ ಕಡತ ಅರ್ಧಕ್ಕೆ ನಿಲ್ಲದಿರಲು ಒಂದು ಚಿಕ್ಕ ಯುಪಿಎಸ್ ಕೂಡ ಇರಬೇಕು.

ಸ್ಥಾಯಿ ವಿದ್ಯುತ್ತಿನ ಭಯವನ್ನು ಅದರ ಪ್ರಮಾಣಕ್ಕೆ ತಕ್ಕಂತೆ ಇಟ್ಟುಕೊಳ್ಳಬೇಕು. ಮೈಯಿಂದ ಹಾರುವ ಕಿಡಿ ನಮಗೆ ತಿಳಿಯಬೇಕಾದರೆ ಸುಮಾರು 3000 ವೋಲ್ಟ್ ಆಗಬೇಕು. ಚಿಪ್‌ಗಳು ಅದಕ್ಕಿಂತ ಬಹಳ ಕಡಿಮೆಯಲ್ಲೇ ಕೆಡಬಲ್ಲವು, ಅಂದರೆ ನಮಗೆ ಗೊತ್ತಾಗದಂತೆ ಹಾನಿಯಾಗಬಹುದು. ಗಾಳಿ ಒಣಗಿರುವ ಫೆಬ್ರವರಿ, ಮಾರ್ಚ್‌ಗಳಲ್ಲಿ ಇದು ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ನೈಲಾನ್ ಸೀರೆ, ಉಣ್ಣೆಯ ಶಾಲು ಬಿಟ್ಟು ಹತ್ತಿಯ ಬಟ್ಟೆ ತೊಟ್ಟು, ರತ್ನಗಂಬಳಿಯಿಲ್ಲದ ನೆಲದ ಮೇಲೆ ಕುಳಿತು, ರ್‍ಯಾಮ್ ಹಿಡಿಯುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಅಂಚುಗಳಲ್ಲೇ ಹಿಡಿದುಕೊಂಡರೆ ಅಪಾಯ ತೀರ ತಗ್ಗುತ್ತದೆ. ಮಣಿಕಟ್ಟಿನ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು.

ಹಾಕುವ ಕೆಲಸ ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಯಂತ್ರವನ್ನು ಶಟ್‌ಡೌನ್ ಮಾಡಿ, ಪವರ್ ಕಾರ್ಡ್ ಕಿತ್ತು, ಉಳಿದ ವಿದ್ಯುತ್ತು ಹೋಗಲೆಂದು ಪವರ್ ಬಟನ್‌ನ್ನು ಕೆಲವು ಸೆಕೆಂಡು ಒತ್ತಿಹಿಡಿದು, ಮುಚ್ಚಳ ತೆಗೆದೆ. ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಪಕ್ಕದಲ್ಲಿದ್ದು ಟಾರ್ಚ್ ಹಿಡಿದಿದ್ದ. ಕಚ್ಚು ಸರಿಯಾಗಿ ಹೊಂದಿದೆಯೆಂದು ನೋಡಿಕೊಂಡ ಮೇಲೂ ರ್‍ಯಾಮ್ ಕೂರಲು ನಾವು ಎಣಿಸಿದ್ದಕ್ಕಿಂತ ಹೆಚ್ಚು ಬಲ ಬೇಕಾಗುತ್ತದೆ. “ಎರಡೂ ತುದಿ ಒಟ್ಟಿಗೆ ಒತ್ತಿ ದೊಡ್ಡಮ್ಮ, ಕ್ಲಿಪ್ ಟಕ್ ಅನ್ನೋವರೆಗೂ” ಎಂದು ಅವನು ಹೇಳಿದ್ದು ನೆರವಾಯಿತು. ಮುಚ್ಚಿ ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಉಳಿಯಿತು. ಇದನ್ನು ಮೊದಲೇ ಓದಿಕೊಂಡಿದ್ದರಿಂದ ಗಾಬರಿಯಾಗಲಿಲ್ಲ: ಡಿಡಿಆರ್5 ಯಂತ್ರಗಳು ಹೊಸ ರ್‍ಯಾಮ್ ಕಂಡಾಗ ಅದರ ಜೊತೆ ಹೊಂದಿಕೊಳ್ಳಲು ಸಂಕೇತಗಳನ್ನು ಪರೀಕ್ಷಿಸಿ ನೋಡುತ್ತವೆ, ಅದಕ್ಕೆ ಕೆಲವು ನಿಮಿಷ ಹಿಡಿಯಬಹುದು, ಆ ಹೊತ್ತಿನಲ್ಲಿ ಪರದೆಯ ಮೇಲೆ ಏನೂ ಬರುವುದಿಲ್ಲ. ಆಗ ಅವಸರಪಟ್ಟು ಸ್ವಿಚ್ ಆರಿಸಬಾರದು.

ಹಾಕಿದ ರಾತ್ರಿ ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಓಡಿಸಿ ಬೆಳಗಿನವರೆಗೆ ಬಿಟ್ಟೆ. ಇದನ್ನು ಯಾರೂ ಬಿಡಬಾರದೆಂದು ನನ್ನ ವಿನಂತಿ. ರ್‍ಯಾಮ್‌ನಲ್ಲಿ ದೋಷವಿದ್ದರೆ ಯಂತ್ರ ನಿಂತುಹೋಗಿ ಅದನ್ನು ತಿಳಿಸಿಯೇ ಬಿಡುತ್ತದೆಂದು ಹೇಳಲಾಗುವುದಿಲ್ಲ. ಒಂದು ಬಿಟ್ ತಪ್ಪಾಗಿ, ಪುಟದ ಚಿತ್ರ ಸದ್ದಿಲ್ಲದೆ ಕೆಟ್ಟು, ಕೆಟ್ಟ ರೂಪದಲ್ಲೇ ಡಿಸ್ಕಿಗೆ ಬರೆಯಲ್ಪಡಬಹುದು. ಎರಡನೆಯ ಸಲ ಸ್ಕ್ಯಾನ್ ಮಾಡಲಾಗದ ಪುಸ್ತಕಗಳ ಜೊತೆ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ತಪ್ಪುಗಳು ಕಾಣಿಸಲಿಲ್ಲ, ಪುಟ ಶುದ್ಧಗೊಳಿಸುವ ಕೆಲಸದಲ್ಲಿ ಡಿಸ್ಕಿನ ಏರಿಳಿತ ನಿಂತಿತು.

ಎಸ್‌ಎಸ್‌ಡಿಯ ವಿಷಯದಲ್ಲಿ ನನ್ನ ತೀರ್ಮಾನ ಬೇರೆ. ಮದರ್‌ಬೋರ್ಡ್‌ನಲ್ಲಿ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಎಂ.2 ಎಸ್‌ಎಸ್‌ಡಿಗೆ ಇನ್ನೊಂದು ಸ್ಲಾಟ್ ಇದೆ, ಹಾಕುವುದು ರ್‍ಯಾಮ್‌ನಷ್ಟೇ ಸುಲಭ. ಆದರೆ ನನ್ನ ಕೊರತೆ ವೇಗದ್ದಲ್ಲ. ಪುಸ್ತಕಕ್ಕೆ 15 ಜಿಬಿಯಂತೆ ಮೂವತ್ತೈದು ಪುಸ್ತಕ ಮುಗಿಯುವುದರೊಳಗೆ 512 ಜಿಬಿ ತುಂಬುತ್ತದೆ. ಮುಗಿದ ಪುಸ್ತಕಗಳು ಎಸ್‌ಎಸ್‌ಡಿಯ ಮೇಲಿರುವ ಅಗತ್ಯವೇ ಇಲ್ಲ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಇಟ್ಟ ಎಸ್‌ಎಸ್‌ಡಿಯಲ್ಲಿ ಚಾರ್ಜ್ ಮೆಲ್ಲಗೆ ಸೋರುತ್ತದೆ, ಹಾಗಾಗಿ ಬೀರುವಿನಲ್ಲಿ ಎತ್ತಿಡುವುದಕ್ಕೆ ಹಳೆಯ ರೀತಿಯ ಹಾರ್ಡ್‌ಡಿಸ್ಕೇ ಮೇಲು. ಎರಡು ಹೊರಗಿನ ಹಾರ್ಡ್‌ಡಿಸ್ಕ್‌ಗಳಲ್ಲಿ ನಕಲಿಟ್ಟು, ಒಂದನ್ನು ತಂಗಿಯ ಮನೆಯಲ್ಲಿ ಇಡುತ್ತಿದ್ದೇನೆ. ಮುಖ್ಯ ಎಸ್‌ಎಸ್‌ಡಿಯನ್ನೇ ಬದಲಿಸಲು ಹೊರಡುವವರು ಒಂದು ವಿಷಯ ಮರೆಯಬಾರದು: ಮೈಕ್ರೋಸಾಫ್ಟ್ ಖಾತೆಯಿಂದ ತೆರೆದ ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್ ಎಂಬ ಗೂಢಲಿಪಿಗೆ ಒಳಗಾಗಿರುವುದು ಸಾಮಾನ್ಯ. ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಯನ್ನು ಆ ಖಾತೆಯಿಂದ ನೋಡಿ ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಒಳಗಿನ ಯಾವ ಭಾಗಕ್ಕೂ ಕೈ ಹಾಕಬಾರದು. ವಿಂಡೋಸ್ ಪರವಾನಗಿ ಮದರ್‌ಬೋರ್ಡಿಗೆ ಕಟ್ಟಿಕೊಂಡಿರುವುದರಿಂದ ಡಿಸ್ಕ್ ಅಥವಾ ರ್‍ಯಾಮ್ ಬದಲಿಸಿದರೆ ಅದಕ್ಕೆ ಧಕ್ಕೆಯಿಲ್ಲ.

ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಅಕ್ಷರ ಗುರುತಿಸುವ ಕೆಲಸ ಬೇಗ ಆಗುತ್ತದೆಂದು ಕೆಲವರು ಹೇಳಿದರು. ನಾನು ಬಳಸುವ ಟೆಸೆರಾಕ್ಟ್ ತಂತ್ರಾಂಶ ಪ್ರೊಸೆಸರಿನಲ್ಲೇ ಓಡುತ್ತದೆ. ಕಾರ್ಡಿನಿಂದ ಅದಕ್ಕೆ ಲಾಭವಿಲ್ಲ. ಲಾಭವಿದ್ದಿದ್ದರೂ ಈ ಯಂತ್ರ ಅದನ್ನು ಹೊರುತ್ತಿರಲಿಲ್ಲ. ಕಾರ್ಡಿನ ಸ್ಲಾಟ್ ಒಂದೇ 75 ವಾಟ್‌ವರೆಗೆ ಎಳೆಯಬಹುದು, ಪ್ರೊಸೆಸರ್ ಪೂರ್ಣ ವೇಗದಲ್ಲಿ 148 ವಾಟ್‌ವರೆಗೆ ಹೋಗಬಲ್ಲದು, ಎಸ್‌ಎಂಪಿಎಸ್ ಇರುವುದು 180 ವಾಟ್‌ನದು. ದೊಡ್ಡದನ್ನು ಹಾಕೋಣವೆಂದರೆ ಹಲವು ಸಿದ್ಧ ಡೆಸ್ಕ್‌ಟಾಪ್‌ಗಳಂತೆ ಇದರಲ್ಲಿಯೂ ಎಸ್‌ಎಂಪಿಎಸ್‌ನ ಆಕಾರ, ಕನೆಕ್ಟರ್ ಎರಡೂ ಆ ಕಂಪನಿಯದೇ. ಅಂಗಡಿಯಲ್ಲಿ ಸಿಗುವ 24 ಪಿನ್‌ನದು ಹೊಂದುವುದಿಲ್ಲ. ಇದು ನಮ್ಮ ಕೈಚಳಕದಿಂದ ದಾಟುವ ಗೋಡೆಯಲ್ಲ. ಎಸ್‌ಎಂಪಿಎಸ್‌ನ ಡಬ್ಬಿಯನ್ನಂತೂ ಮನೆಯಲ್ಲಿ ಯಾರೂ ತೆರೆಯಬಾರದು, ಪವರ್ ಕೇಬಲ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಪ್ರೊಸೆಸರಿನ ದಾರಿಯೂ ಮುಚ್ಚಿದೆ: ಈ ಮದರ್‌ಬೋರ್ಡಿನ ಎಲ್‌ಜಿಎ1700 ಸಾಕೆಟ್ ಇಂಟೆಲ್‌ನ 12, 13, 14ನೆಯ ತಲೆಮಾರುಗಳಿಗೆ ಸಂದಿತು, 2024ರ ಅಕ್ಟೋಬರ್‌ನಲ್ಲಿ ಬಂದ ಮುಂದಿನ ಸರಣಿಗೆ ಬೇರೆ ಸಾಕೆಟ್ ಬಂದಿದೆ. ಮುಂದೆ ಕಾರ್ಡು, ಪ್ರೊಸೆಸರ್ ಬದಲಿಸುವ ಉದ್ದೇಶ ಇರುವವರು ಕೊಳ್ಳುವ ದಿನವೇ ಸಿದ್ಧ ಡೆಸ್ಕ್‌ಟಾಪ್ ಬಿಟ್ಟು, ಎಲ್ಲೆಡೆ ಸಿಗುವ ಅಳತೆಯ ಭಾಗಗಳಿಂದ ಅಂಗಡಿಯಲ್ಲಿ ಜೋಡಿಸಿದ ಯಂತ್ರವನ್ನು ಆರಿಸಿಕೊಳ್ಳಬೇಕು. ಮನೆಗೇ ಬಂದು ನೋಡುವ ವಾರಂಟಿ ನನಗೆ ಹೆಚ್ಚು ಬೇಕಾಗಿತ್ತು, ನಾನು ಅದನ್ನು ಆರಿಸಿಕೊಂಡೆ.

ಕಣ್ಣು ಮಂಜಾದವರು, ಕೈ ನಡುಗುವವರು, ಅಥವಾ ಇದರಲ್ಲಿ ಆಸಕ್ತಿಯೇ ಇಲ್ಲದವರು ರ್‍ಯಾಮನ್ನೂ ಅಂಗಡಿಯ ಹುಡುಗರಿಂದ ಹಾಕಿಸುವುದರಲ್ಲಿ ಯಾವ ಕೊರತೆಯೂ ಇಲ್ಲ. ಆ ಹುಡುಗರು ಇದನ್ನು ನಿತ್ಯ ಮಾಡುತ್ತಾರೆ, ಅವರ ದುಡಿಮೆಗೆ ಹಣ ಸಲ್ಲಬೇಕು. ಆಗಲೂ ಯಂತ್ರವನ್ನು ಅಂಗಡಿಯಲ್ಲಿ ಬಿಟ್ಟುಬರದೆ ಮನೆಗೆ ಕರೆಸಿ ಪಕ್ಕದಲ್ಲಿ ಕುಳಿತು ನೋಡುವುದು, ಯಾವ ರ್‍ಯಾಮ್ ಎಂಬುದನ್ನು ತಾವೇ ತಿಳಿದು ಹೇಳುವುದು, ಬಿಲ್ಲಿನ ಮೇಲೆ ಅದರ ಸೀರಿಯಲ್ ನಂಬರ್ ಬರೆಸಿಕೊಳ್ಳುವುದು ಒಳ್ಳೆಯದು. ಕಂಪನಿಯ ಇಂಜಿನಿಯರ್ ಬೇರೆ ಯಾವುದಾದರೂ ದೋಷಕ್ಕಾಗಿ ಬಂದಾಗ, ಸೇರಿಸಿದ ರ್‍ಯಾಮನ್ನು ತೆಗೆದು ಮೂಲ ರ್‍ಯಾಮ್ ಒಂದರಲ್ಲೇ ಯಂತ್ರವನ್ನು ತೋರಿಸಬೇಕಾಗಬಹುದು. ಅಂದಿಗಾಗಿ ಬಿಲ್ಲನ್ನೂ ರ್‍ಯಾಮ್ ಬಂದ ಪ್ಲಾಸ್ಟಿಕ್ ಪೊಟ್ಟಣವನ್ನೂ ವಾರಂಟಿ ಪತ್ರದ ಜೊತೆ ಒಂದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಎರಡನೆಯ ಎಸ್‌ಎಸ್‌ಡಿಯ ಸ್ಲಾಟ್ ಸದ್ಯಕ್ಕೆ ಖಾಲಿಯೇ ಇರುತ್ತದೆ, ಬೆಲೆ ಇಳಿದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಮತ್ತೊಮ್ಮೆ ಅಳೆದು ನೋಡಿ ತೀರ್ಮಾನಿಸುತ್ತೇನೆ.